ದೊಡ್ಡಮ್ಮ ಹೊಲಿದ ಮೆತ್ತೆ

ಮನೆಯಲ್ಲಿ ಎಲ್ಲರೂ ಅವಳನ್ನು ಪಿಸು ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಅತ್ತದ್ದೂ ಪಿಸುಮಾತಿನಲ್ಲೇ ಎಂದು ದೊಡ್ಡಮ್ಮ ತಮಾಷೆ ಮಾಡುತ್ತಿದ್ದಳು. ಬಸ್ಸಿನಲ್ಲಿ ಇಳಿಯುವ ಜಾಗ ಬಂದರೂ ‘ನಿಲ್ಲಿಸಿ’ ಎನ್ನಲಾರದೆ, ಮುಂದಿನ ನಿಲ್ದಾಣದಲ್ಲಿ ಇಳಿದು ಅಷ್ಟು ದೂರ ಹಿಂದಕ್ಕೆ ನಡೆದು ಬರುವ ಹೆಣ್ಣು. ಅಂಥವಳು ಬದುಕಿನಲ್ಲಿ ಒಂದೇ ಒಂದು ಸಲ ಗಂಟಲು ಏರಿಸಿದಳು. ಅದೂ ಯಾರ ಮೇಲೆ ಏರಿಸಬಾರದಿತ್ತೋ ಅವಳ ಮೇಲೆ.

ಮಗಳಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಗಂಡ ಹಳೆಯ ಕಾರೊಂದನ್ನು ತಂದು ಬಾಗಿಲ ಮುಂದೆ ನಿಲ್ಲಿಸಿದ. ಮಗಳನ್ನು ಅವರು ಬಟಾಣಿ ಎಂದು ಕರೆಯುತ್ತಿದ್ದರು, ಹಾಗೇ ದುಂಡಗಿದ್ದಳು. ಕಾರು ಬಂದ ದಿನದಿಂದ ಪಿಸುವಿಗೆ ಒಂದೇ ಚಿಂತೆ: ಬಟಾಣಿ ಅದರಲ್ಲಿ ಕೂರುವುದು ಹೇಗೆ? ಮಡಿಲಲ್ಲಿ ಕೂರಿಸಿಕೊಂಡರಾಯಿತು ಎಂದವರಿಗೆಲ್ಲ ಅವಳು ತಲೆಯಾಡಿಸಿದಳು, ಆದರೆ ಮನಸ್ಸಿನಲ್ಲಿ ಒಪ್ಪಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಹನ್ನೊಂದು ಪ್ರಶ್ನೆ ಬರೆದುಕೊಂಡು, ಗಂಡನ ಜೊತೆ ಮಕ್ಕಳ ಸಾಮಾನಿನ ಅಂಗಡಿಗೆ ಹೋದಳು.

ಅಂಗಡಿಯವನು ಕಾರಿನಲ್ಲಿ ಮಗುವನ್ನು ಕಟ್ಟಿ ಕೂರಿಸುವ ಬೂದು ಬಣ್ಣದ ಸೀಟೊಂದನ್ನು ಮೇಜಿನ ಮೇಲೆ ಇಟ್ಟು ಅದರ ಬೆನ್ನು ತಟ್ಟಿದ. “ಏನಮ್ಮಾ ಅಷ್ಟು ಯೋಚ್ನೆ? ಕಣ್ಣು ಮುಚ್ಕೊಂಡು ತಗೊಳ್ಳೋ ಮಾಲು ಇದು. ಯಾವ ಕಾರಿಗಾದ್ರೂ ಕೂರುತ್ತೆ.”

ಪಿಸು ಸೀಟಿಗೆ ಅಂಟಿಸಿದ್ದ ಚೀಟಿಯನ್ನು ಓದಿದಳು. ಮಗುವಿನ ತೂಕಕ್ಕೆ ಸರಿಯಾಗಿತ್ತು. ಮುಖ ಕಾರಿನ ಹಿಂಭಾಗಕ್ಕಿರುವಂತೆ ಕೂರಿಸುವಂಥದು, ಇಷ್ಟು ಚಿಕ್ಕ ಕತ್ತಿಗೆ ಅದೇ ಸರಿ. ತಯಾರಾದ ವರ್ಷವೂ ಹತ್ತಿರದ್ದೇ. ಮೂರು ಪ್ರಶ್ನೆಗೆ ಉತ್ತರ ತಾನೇ ಸಿಕ್ಕಿತು. ನಾಲ್ಕನೆಯದಕ್ಕೆ ಬಾಯಿ ತೆರೆಯಬೇಕಿತ್ತು.

“ನಮ್ಮ ಕಾರಲ್ಲಿ ಒಂದ್ಸಲ ಇಟ್ಟು...”

“ಏನಂದ್ರಿ? ಸ್ವಲ್ಪ ಜೋರಾಗಿ.”

“ಏನಿಲ್ಲ.”

“ಸ್ವಾಮಿ, ಇವಳು ಪ್ರಶ್ನೆಪತ್ರಿಕೆನೇ ತಂದಿದ್ದಾಳೆ. ನೀವು ಪಾಸಾಗೋದು ಕಷ್ಟ,” ಎಂದು ಗಂಡ ನಕ್ಕ. ಅಂಗಡಿಯವನೂ ನಕ್ಕ. ಪಿಸುವೂ ನಕ್ಕು ನೋಟ್‌ಬುಕ್ಕು ಮುಚ್ಚಿದಳು. ನಕ್ಕದ್ದು ತುಟಿ ಮಾತ್ರ. ಉಳಿದ ಎಂಟು ಪ್ರಶ್ನೆಗಳು ಎದೆಯೊಳಗೇ ಗೂಡು ಕಟ್ಟಿಕೊಂಡು ಕೂತವು.

ಕೊಂಡು ತಂದ ಮೇಲೆ ಒಂದು ವಾರ ಆ ಸೀಟು ಮುಂದಿನ ಕೋಣೆಯಲ್ಲಿ ನೆಂಟರ ಹಾಗೆ ಕುಳಿತಿತ್ತು. ಪಿಸು ಅದರ ಕೈಪಿಡಿಯನ್ನು ಮಗು ಮಲಗಿದಾಗಲೆಲ್ಲ ಓದಿದಳು. ಪುಟದ ನಂಬರಿನ ಸಮೇತ ಬಾಯಿಪಾಠವಾಯಿತು.

ಆ ವಾರ ದೊಡ್ಡಮ್ಮನೂ ಎಂದಿನಂತೆ ಸಂಜೆ ಸಂಜೆ ಬಂದಳು. ಎರಡು ಬೀದಿಯಾಚೆ, ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವಳ ಹೊಲಿಗೆ ಅಂಗಡಿ. ಪಿಸುವಿನ ತಾಯಿ ಕೆಲಸಕ್ಕೆ ಹೋಗುತ್ತಿದ್ದ ಅಷ್ಟೂ ವರ್ಷ ಪಿಸು ಬೆಳೆದದ್ದು ಆ ಹೊಲಿಗೆ ಮೆಷಿನ್ನಿನ ಕಾಲಬುಡದಲ್ಲಿ, ತುಂಡು ಬಟ್ಟೆಗಳ ರಾಶಿಯ ಮೇಲೆ. ದೊಡ್ಡಮ್ಮ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಎಂಥ ಬಟ್ಟೆಯನ್ನಾದರೂ ಬೆರಳಲ್ಲಿ ಉಜ್ಜಿ ನೋಡಿ ಅದರ ಜಾತಕ ಹೇಳುತ್ತಿದ್ದಳು. ಅವಳು ಬಂದವಳೇ ಕೈ ತೊಳೆದು, ಯಾರನ್ನೂ ಕೇಳದೆ ಬಟಾಣಿಯನ್ನು ತೊಟ್ಟಿಲಿನಿಂದ ಎತ್ತಿ ಹೆಗಲಿಗೆ ಹಾಕಿಕೊಳ್ಳುವಳು. ಅದೇ ಅವಳ ಪದ್ಧತಿ. ಆ ವಾರ ಒಂದು ದಿನ ಕೊರಳಿನ ಟೇಪು ತೆಗೆದು ಸೀಟಿನ ಉದ್ದಗಲ ಅಳೆಯುತ್ತಿದ್ದಳು.

“ಏನ್ ಮಾಡ್ತಿದೀಯ ದೊಡ್ಡಮ್ಮ?”

“ಏನಿಲ್ಲ, ಸುಮ್ನೆ. ಅಳತೆ ಹುಚ್ಚು ಹಿಡಿದೋರಿಗೆ ಕಂಡಿದ್ದೆಲ್ಲ ಅಳೀಬೇಕು ಅನ್ಸುತ್ತೆ.”

ಭಾನುವಾರ ಬೆಳಿಗ್ಗೆ ಸೀಟನ್ನು ಕಾರಿಗೆ ಕಟ್ಟುವ ಕೆಲಸ. ಹಿಂದಿನ ಸೀಟಿನ ಬೆಲ್ಟಿನ ಕೊಂಡಿ ಮೆತ್ತೆಯ ಸಂದಿಯಲ್ಲಿ ಹೂತು ಹೋಗಿತ್ತು. ಗಂಡ ಮಂಡಿಯೂರಿ ಮಗುವಿನ ಸೀಟನ್ನು ತನ್ನ ಭಾರದಿಂದ ಒತ್ತಿದ. ಪಿಸು ಸೀಟಿನ ಬೆನ್ನ ಹಿಂದಿನ ಸಂದಿಯಿಂದ ಬೆಲ್ಟು ತೂರಿಸಿ, ಕೊಂಡಿಗೆ ಸಿಕ್ಕಿಸಿ, ಎಳೆದಳು.

“ತಾಯಿ, ಇನ್ನೊಂದು ಎಳೆತ ಎಳೆದ್ರೆ ಕಾರೇ ಎರಡು ತುಂಡಾಗುತ್ತೆ,” ಎಂದ ಗಂಡ, ಬೆವರು ಒರೆಸಿಕೊಳ್ಳುತ್ತ.

“ಬೆಲ್ಟು ಹಾಯೋ ಜಾಗದಲ್ಲೇ ಹಿಡಿದು ಅಲ್ಲಾಡಿಸಿ ನೋಡ್ಬೇಕಂತೆ. ಒಂದು ಇಂಚಿಗಿಂತ ಹೆಚ್ಚು ಸರೀಬಾರ್ದಂತೆ.”

ಅವನು ಸೀಟಿನ ಮುಂದಿನ ಅಂಚು ಹಿಡಿದು ಒಮ್ಮೆ ಅಲ್ಲಾಡಿಸಿದ. “ಬಂಡೆ! ಬಂಡೆ ಕೂತ ಹಾಗೆ ಕೂತಿದೆ.” ಹೇಳಿದವನೇ ಕೈ ತೊಳೆಯಲು ಒಳಗೆ ಹೋದ.

ಹಿಡಿಯಬೇಕಾದ ಜಾಗ ಅದಲ್ಲ ಎಂದು ಪಿಸುವಿಗೆ ಗೊತ್ತಿತ್ತು. ಕರೆದು ಹೇಳಬಹುದಿತ್ತು. ತಾನೇ ಕೈ ತೂರಿಸಿ ನೋಡಬಹುದಿತ್ತು. ಆದರೆ ಒಂದೂವರೆ ಗಂಟೆಯಿಂದ ಬಾಗಿದ ಸೊಂಟ ನೋಯುತ್ತಿತ್ತು, ಒಳಗೆ ಮಗು ಅಳಲು ಶುರುಮಾಡಿತ್ತು, ಅಂಗಡಿಯವನ ನಗು ಇನ್ನೂ ಕಿವಿಯಲ್ಲಿತ್ತು. ಕೈಪಿಡಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ಕೆಲಸಗಳಲ್ಲಿ ಆ ಸಾಲಿನ ಮುಂದೆ ಅವಳು ಸರಿ ಎಂದು ಗುರುತು ಹಾಕಿದಳು. ಹಾಕುವಾಗಲೇ ತನ್ನ ಮೇಲೆ ತನಗೇ ಸಿಟ್ಟು ಬಂತು.

ಆಗಲೇ ದೊಡ್ಡಮ್ಮ ಚೀಲ ಹಿಡಿದು ಬಂದದ್ದು.

“ನೋಡು ಪುಟ್ಟಾ, ನಮ್ಮ ಬಟಾಣಿಯ ಸಿಂಹಾಸನಕ್ಕೆ.”

ಚೀಲದಿಂದ ತೆಗೆದದ್ದು ದಪ್ಪನೆಯ ಮೆತ್ತೆ. ಮೂರು ಪದರ ಹತ್ತಿ ತುಂಬಿ, ಸೀಟಿನ ಆಕಾರಕ್ಕೆ ಅಚ್ಚೊತ್ತಿದ ಹಾಗೆ ಹೊಲಿದದ್ದು. ಮಗುವನ್ನು ಕಟ್ಟುವ ಬೆಲ್ಟು ಹೊರಬರಲು ಐದು ಸೀಳು, ಅವುಗಳಿಗೆ ಅಂಗಿಯ ಗುಂಡಿಯ ಕಾಜಾಕ್ಕೆ ಹೊಲಿಯುವ ಹಾಗೆ ಒತ್ತಾದ ಕೈಹೊಲಿಗೆ. ಹಳದಿ ಬಟ್ಟೆಯ ಮೇಲೆ ಪುಟ್ಟ ಪುಟ್ಟ ಕೊಡೆಗಳು. ಪಿಸು ಕೊಡೆಗಳನ್ನು ಗುರುತಿಸಿದಳು. ಅವಳ ಐದನೇ ವರ್ಷದ ಫ್ರಾಕು ಅದು.

“ಇದನ್ನ ಇನ್ನೂ ಇಟ್ಕೊಂಡಿದ್ಯಾ?”

“ಇಡದೆ ಮತ್ತೆ? ನೀನು ದೊಡ್ಡವಳಾದೆ ಅಂತ ಬಟ್ಟೆಗೂ ವಯಸ್ಸಾಗುತ್ತಾ?” ಎನ್ನುತ್ತಲೇ ದೊಡ್ಡಮ್ಮ ಕಾರಿನೊಳಗೆ ಬಾಗಿದಳು. ಮೆತ್ತೆಯನ್ನು ಹಾಸಿ, ಅದರ ಲಾಡಿ ಕಟ್ಟಲು ಸೀಟಿನ ಹಿಂದಕ್ಕೆ ಕೈ ತೂರಿಸಿದಳು. ಕೈ ಅಲ್ಲೇ ನಿಂತಿತು. “ಪುಟ್ಟಾ, ಇಲ್ಲಿ ಹಿಂದುಗಡೆ ಬೆಲ್ಟಿನ ಪಟ್ಟಿ...”

ಪಿಸುವಿನ ಕಣ್ಣಿಗೆ ಕಂಡದ್ದು ಕೈಪಿಡಿಯ ಹದಿನಾಲ್ಕನೇ ಪುಟ. ಮಗುವಿನ ಕೆಳಗಾಗಲಿ ಬೆಲ್ಟಿನ ಕೆಳಗಾಗಲಿ ದಪ್ಪನೆಯದು ಏನೂ ಇರಕೂಡದು. ಡಿಕ್ಕಿಯಾದಾಗ ಹತ್ತಿ ಅಮುಕಿಕೊಂಡು ತೆಳ್ಳಗಾಗುತ್ತದೆ, ಬೆಲ್ಟು ಸಡಿಲವಾಗುತ್ತದೆ, ಮಗು ಜಾರುತ್ತದೆ. ಅದು ನಿಜ. ಆದರೆ ಅವಳ ಬಾಯಿಂದ ಬಂದದ್ದು ಆ ಪುಟವಲ್ಲ.

“ದೊಡ್ಡಮ್ಮ, ಮುಟ್ಬೇಡ! ಇದೇನು ದಿಂಬಿನ ಕವರಾ? ಮಗು ಜೀವದ ವಿಷಯ ಇದು. ನಾಲ್ಕನೇ ಕ್ಲಾಸು ಓದಿರೋರು ಎಲ್ಲದಕ್ಕೂ ಕೈ ಹಾಕ್ಬಾರ್ದು!”

ಮೇಲಿನ ಮನೆಯಾಕೆ ಗಿಡಕ್ಕೆ ನೀರು ಹಾಕುತ್ತಿದ್ದವಳು ಬಗ್ಗಿ ನೋಡಿದಳು. ಬಾಗಿಲಲ್ಲಿ ಗಂಡ ಟವೆಲ್ಲು ಹಿಡಿದು ನಿಂತುಬಿಟ್ಟಿದ್ದ. ಅಂಗಡಿಯವನಿಗೆ ಹೇಳಲಾಗದ್ದು, ಗಂಡನಿಗೆ ಹೇಳದೆ ಬಿಟ್ಟದ್ದು, ಎಲ್ಲ ಒಟ್ಟಾಗಿ ಹೋಗಿ ಬಿದ್ದದ್ದು ತಿರುಗಿ ಬೈಯದವಳ ಮೇಲೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಹಾಗೆ.

ದೊಡ್ಡಮ್ಮ ಕೈ ಹೊರಗೆ ತೆಗೆದಳು. ಮೆತ್ತೆಯನ್ನು ನಾಲ್ಕು ಮಡಿಕೆ ಮಾಡಿದಳು, ಅಂಚಿಗೆ ಅಂಚು ಸೇರಿಸಿ.

“ಹೌದಲ್ವಾ. ನಂಗೇನು ಗೊತ್ತು ಇದೆಲ್ಲ.”

“ದೊಡ್ಡಮ್ಮ, ಹಾಗಲ್ಲ, ಪುಸ್ತಕದಲ್ಲಿ...”

“ಇಲ್ಲ ಇಲ್ಲ, ನೀನು ಹೇಳಿದ್ದೇ ಸರಿ.”

“ಟೀ ಕುಡ್ಕೊಂಡು ಹೋಗು.”

“ಬೇಡ ಪುಟ್ಟಾ. ಅಂಗಡಿಗೆ ಗಿರಾಕಿ ಬರ್ತಾರೆ.”

ಭಾನುವಾರ ದೊಡ್ಡಮ್ಮನ ಅಂಗಡಿಗೆ ಬೀಗ. ಅದು ಇಬ್ಬರಿಗೂ ಗೊತ್ತಿತ್ತು.

ಸೋಮವಾರ ಅವಳು ಬರಲಿಲ್ಲ. ಮಂಗಳವಾರವೂ ಇಲ್ಲ. ನಾಳೆ ಹೋಗಿ ತಪ್ಪಾಯಿತು ಎನ್ನಬೇಕು ಎಂದು ಪಿಸು ದಿನವೂ ಅಂದುಕೊಂಡಳು. ಆಡಬೇಕಾದ ಮಾತನ್ನು ಮನಸ್ಸಿನಲ್ಲಿ ಬರೆದು, ಹೊಡೆದು, ಮತ್ತೆ ಬರೆದಳು. ನಾಲ್ಕನೇ ದಿನ ದೊಡ್ಡಮ್ಮನೇ ಬಂದಳು. ಕುರ್ಚಿಯ ತುದಿಯಲ್ಲಿ ಕುಳಿತಳು. ಬಟಾಣಿ ತೊಟ್ಟಿಲಲ್ಲಿ ಕಾಲು ಬಡಿಯುತ್ತ ‘ಊಂ ಊಂ’ ಎನ್ನುತ್ತಿತ್ತು.

“ಎತ್ಕೋ ದೊಡ್ಡಮ್ಮ.”

“ಮಲಗಿರ್ಲಿ ಬಿಡು, ಪಾಪ,” ಎಂದಳು ದೊಡ್ಡಮ್ಮ, ಕಣ್ಣು ಬಿಟ್ಟುಕೊಂಡಿದ್ದ ಮಗುವನ್ನು ನೋಡುತ್ತ.

ಬರೆದಿಟ್ಟುಕೊಂಡಿದ್ದ ಮಾತು ಪಿಸುವಿನ ನಾಲಿಗೆಯವರೆಗೆ ಬಂದು, ಅಲ್ಲಿಂದ ಹಿಂದಕ್ಕೆ ಹೋಯಿತು. ಬೈಗುಳ ಬಂದಷ್ಟು ಸುಲಭವಾಗಿ ಕ್ಷಮೆ ಬರುವುದಿಲ್ಲ.

ಎರಡು ವಾರದ ಮೇಲೆ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೊರಟರು. ಪಿಸು ಹಿಂದೆ, ಬಟಾಣಿಯ ಪಕ್ಕದಲ್ಲಿ ಕುಳಿತಿದ್ದಳು. ಆಸ್ಪತ್ರೆಯ ತಿರುವಿನಲ್ಲಿ ನಾಯಿಯೊಂದು ಅಡ್ಡ ಓಡಿತು. ಗಂಡ ಬ್ರೇಕು ಒತ್ತಿ ಸ್ಟಿಯರಿಂಗ್ ತಿರುಗಿಸಿದ. ಬಂಡೆ ಕೂತ ಹಾಗೆ ಕೂತಿದ್ದ ಸೀಟು ಬುಡ ಸಮೇತ ಜಾರಿ, ಬಾಗಿಲ ಕಡೆಗೆ ವಾಲಿತು. ಪಿಸು ಎರಡೂ ತೋಳು ಚಾಚಿ ಅದನ್ನು ತಬ್ಬಿಕೊಂಡಳು. ಅವಳ ಮಣಿಕಟ್ಟು ಬಾಗಿಲಿಗೂ ಸೀಟಿಗೂ ನಡುವೆ ಸಿಕ್ಕಿ ಜಜ್ಜಿಹೋಯಿತು.

ಬಟಾಣಿ ಅಳಲಿಲ್ಲ. ಒಂದು, ಎರಡು, ಮೂರು ಕ್ಷಣ ಸದ್ದೇ ಇಲ್ಲ. ಆಮೇಲೆ ಚೀರಿತು. ಆ ಚೀರು ಕೇಳಿ ಪಿಸುವಿಗೆ ಹೋದ ಜೀವ ಬಂದಂತಾಯಿತು.

ಮಗುವನ್ನು ಪರೀಕ್ಷಿಸಿದ ಡಾಕ್ಟರು ಏನೂ ಆಗಿಲ್ಲ ಎಂದರು. ಪಿಸುವಿನ ಕೈಗೆ ಪಟ್ಟಿ ಸುತ್ತಿದ ನರ್ಸು, ನಡುವಯಸ್ಸಿನ ಗಟ್ಟಿ ಹೆಂಗಸು, ನಡೆದದ್ದನ್ನೆಲ್ಲ ಕೇಳಿ, “ಬನ್ನಿ, ಆ ಸೀಟು ನೋಡೋಣ,” ಎಂದು ತಾನೇ ಕಾರಿನ ಬಳಿ ಬಂದಳು. ಮಕ್ಕಳ ಸೀಟು ಕಟ್ಟುವುದನ್ನು ಹೊಸ ತಾಯಂದಿರಿಗೆ ಕಲಿಸುವ ಕೆಲಸವೂ ಅವಳದೇ ಆಗಿತ್ತು. ಅವಳು ಕಣ್ಣಿನಿಂದ ಏನೂ ನೋಡಲಿಲ್ಲ. ಸೀದಾ ಹಿಂದಕ್ಕೆ ಕೈ ತೂರಿಸಿದಳು.

“ಇಲ್ನೋಡಿ. ಬೆಲ್ಟಿನ ಪಟ್ಟಿ ತಿರುಚಿಕೊಂಡು ಸಂದಿಯಲ್ಲಿ ಸಿಕ್ಕಾಕೊಂಡಿದೆ. ನೀವು ಈ ಕಡೆ ಎಳೆದಷ್ಟೂ ಈ ಕಡೆದೇ ಬಿಗಿಯಾಗಿದೆ. ಆ ಕಡೆ ನೋಡಿ, ಜೋತಾಡ್ತಿದೆ. ಕಟ್ಟಿದ ಮೇಲೆ ಯಾರೂ ಕೈ ಹಾಕಿ ನೋಡ್ಲಿಲ್ವಾ?”

ಗಂಡ ತಲೆ ತಗ್ಗಿಸಿದ. “ಇಲ್ಲ,” ಎಂದ.

“ನೋಡಿದ್ರು,” ಎಂದಳು ಪಿಸು. “ಒಬ್ರು ನೋಡಿದ್ರು.”

ನರ್ಸು ಬೆಲ್ಟನ್ನು ಬಿಚ್ಚಿಸಿ, ಮೊದಲಿನಿಂದ ಇವರ ಕೈಯಲ್ಲೇ ಕಟ್ಟಿಸಿದಳು. ಪಟ್ಟಿ ನೀಟಾಗಿ, ಇಸ್ತ್ರಿ ಮಾಡಿದ ಹಾಗೆ ಮಲಗಬೇಕು. ಬೆಲ್ಟು ಹಾಯುವ ಜಾಗದಲ್ಲೇ ಹಿಡಿದು ಅಲ್ಲಾಡಿಸಬೇಕು. ಮಗುವನ್ನು ಕಟ್ಟಿದ ಮೇಲೆ ಹೆಗಲ ಹತ್ತಿರ ಬೆಲ್ಟು ಚಿವುಟಿದರೆ ಬೆರಳಿಗೆ ಸಿಗಬಾರದು. ಎಲ್ಲ ಮುಗಿದ ಮೇಲೆ ಪಿಸು ಒಂದು ಪ್ರಶ್ನೆ ಕೇಳಿದಳು. ನೋಟ್‌ಬುಕ್ಕಿನಲ್ಲಿ ಇಲ್ಲದ ಪ್ರಶ್ನೆ.

“ಮನೇಲಿ ಹೊಲಿದ ಮೆತ್ತೆ ಹಾಕ್ಬಾರ್ದು, ಅಲ್ವಾ?”

“ಮಗು ಕೆಳಗೆ, ಬೆಲ್ಟಿನ ಕೆಳಗೆ ಹಾಕ್ಬಾರ್ದು. ಹೋಗ್ತಾ ಹೋಗ್ತಾ ಚಳಿ ಆದ್ರೆ, ಬೆಲ್ಟು ಬಿಗಿದಾದ ಮೇಲೆ, ಮುಖಕ್ಕೆ ಬಾರದ ಹಾಗೆ ಕಾಲಿನ ಮೇಲೆ ಹೊದಿಸಿ. ಯಾರು ಬೇಡ ಅಂತಾರೆ?”

ಅಷ್ಟೇ. ಕೆಳಗೆ ಬೇಡ ದೊಡ್ಡಮ್ಮ, ಮೇಲೆ ಹೊದಿಸೋಣ. ಐದಾರು ಪದ. ಇಷ್ಟನ್ನು ಹೇಳಲು ಏನು ಖರ್ಚಿತ್ತು?

ಮನೆಗೆ ಹೋಗುವ ದಾರಿಯಲ್ಲೇ ಹೊಲಿಗೆ ಅಂಗಡಿಯ ಮುಂದೆ ಕಾರು ನಿಲ್ಲಿಸಿದರು. ದೊಡ್ಡಮ್ಮ ಒಂದು ಪರದೆಗೆ ಇಸ್ತ್ರಿ ಹಾಕುತ್ತಿದ್ದಳು. ಪಿಸುವಿನ ಕೈಗೆ ಸುತ್ತಿದ್ದ ಪಟ್ಟಿ ನೋಡಿ ಗಾಬರಿಯಾದಳು. ಪಿಸು ಎಲ್ಲ ಹೇಳಿದಳು, ನಾಯಿ, ಬ್ರೇಕು, ನರ್ಸು, ತಿರುಚಿದ ಪಟ್ಟಿ. ಕೊನೆಗೆ, “ನೀನು ಅವತ್ತು ಅದನ್ನೇ ಹೇಳೋಕೆ ಬಂದಿದ್ದೆ ಅಲ್ವಾ?” ಎಂದಳು.

“ಬೆರಳಿಗೆ ಹಾಗನ್ನಿಸ್ತು. ಲಾಡಿ ತಿರುಚಿದ್ರೆ ಗೊತ್ತಾಗುತ್ತಲ್ಲ,” ಎಂದಳು ದೊಡ್ಡಮ್ಮ. ಆಮೇಲೆ ಮೆಲ್ಲಗೆ ಹೇಳಿದಳು, “ನಾನು ಹೇಳ್ಬೇಕಿತ್ತು ಪುಟ್ಟಾ. ನೀನು ಬೈದ್ರೂ ಹೇಳ್ಬೇಕಿತ್ತು. ಓದಿದೋಳು, ತಿಳಿದೇ ಕಟ್ಟಿರ್ತಾಳೆ ಅಂದ್ಕೊಂಡೆ. ಎರಡು ವಾರ ಸರಿಯಾಗಿ ನಿದ್ದೆ ಬರ್ಲಿಲ್ಲ.”

ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಪಿಸುವಿಗೆ ಅಳು ಒತ್ತರಿಸಿ ಬಂತು. “ತಪ್ಪಾಯ್ತು ದೊಡ್ಡಮ್ಮ. ನಾನು ಅಂದಿದ್ದು ದೊಡ್ಡ ತಪ್ಪು.”

“ಅಯ್ಯೋ, ಬಿಡೇ. ಅಳ್ಬೇಡ, ಕೈ ನೋವು ಜಾಸ್ತಿಯಾಗುತ್ತೆ.”

“ಆ ಮೆತ್ತೆ ಕೊಡು. ಕಾಲಿನ ಮೇಲೆ ಹೊದಿಸಬಹುದಂತೆ.”

ದೊಡ್ಡಮ್ಮ ಇಸ್ತ್ರಿ ಪೆಟ್ಟಿಗೆಯ ಕಡೆ ನೋಡಿದಳು. ಅದರ ಕಾದ ಹಿಡಿಗೆ ಸುತ್ತಿದ್ದ ಬಟ್ಟೆ ಹಳದಿ. ಅಂಚು ಸುಟ್ಟು ಕಂದಾಗಿತ್ತು. ಪುಟ್ಟ ಕೊಡೆಯೊಂದರ ಅರ್ಧ ಮಾತ್ರ ಉಳಿದಿತ್ತು. “ಅದನ್ನ ಬಿಚ್ಚಿಬಿಟ್ಟೆನಲ್ಲ. ಹತ್ತಿ ದಿಂಬಿಗಾಯ್ತು. ಬಟ್ಟೆ ಇಲ್ಲಿಗಾಯ್ತು. ಏನೂ ಹಾಳಾಗ್ಲಿಲ್ಲ ಬಿಡು.”

ಪಿಸು ಅವಳನ್ನು ಕಾರಿನ ಬಳಿಗೆ ಕರೆದಳು. “ಇವತ್ತು ನಾವೇ ಕಟ್ಟಿದ್ದು. ನೀನೊಂದ್ಸಲ ನೋಡು.”

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತಳು. “ಮುಟ್ಟಬಹುದಾ?” ಎಂದಳು. ಕುಟುಕಲು ಕೇಳಿದ್ದಲ್ಲ. ನಿಜವಾಗಿಯೂ ಕೇಳಿದ್ದು. ಪಿಸು ತಲೆಯಾಡಿಸಿದ ಮೇಲೆ ಕೈ ತೂರಿಸಿ, ಕಣ್ಣು ಮುಚ್ಚಿ, ಪಟ್ಟಿಯ ಉದ್ದಕ್ಕೂ ಬೆರಳು ಸರಿಸಿದಳು. “ನೀಟಾಗಿದೆ,” ಎಂದಳು.

ಅಂದಿನಿಂದ ದೊಡ್ಡಮ್ಮ ಮತ್ತೆ ಸಂಜೆ ಸಂಜೆ ಬರುತ್ತಾಳೆ. ನಗುತ್ತಾಳೆ, ಬೀದಿಯ ಸುದ್ದಿ ಹೇಳುತ್ತಾಳೆ, ಕೊಟ್ಟ ಟೀ ಕುಡಿಯುತ್ತಾಳೆ. ಕೈ ತೊಳೆದು ಬಂದು ತೊಟ್ಟಿಲ ಪಕ್ಕ ನಿಲ್ಲುತ್ತಾಳೆ. ಬಟಾಣಿ ಎರಡೂ ಕೈ ಮೇಲೆತ್ತುತ್ತದೆ. ದೊಡ್ಡಮ್ಮ ಮೊದಲು ಪಿಸುವಿನ ಕಡೆ ತಿರುಗುತ್ತಾಳೆ.

“ಎತ್ಕೊಳ್ಲಾ ಪುಟ್ಟಾ?”

“ಕೇಳ್ಬೇಡ ದೊಡ್ಡಮ್ಮ, ನಿನ್ನ ಕಾಲಿಗೆ ಬೀಳ್ತೀನಿ,” ಎಂದಳು ಪಿಸು ಒಂದು ದಿನ, ಗಟ್ಟಿಯಾಗಿಯೇ.

“ಆಯ್ತು ಆಯ್ತು, ಇನ್ನು ಕೇಳಲ್ಲ,” ಎಂದು ದೊಡ್ಡಮ್ಮ ನಕ್ಕಳು.

ಮರುದಿನ ಮತ್ತೆ ಕೇಳಿದಳು.