ಬರೀ ‘ಆಯ್ತು’ ಅಂದರೆ ಸಾಲದು

ಒಂದು ಮಾತನ್ನು ಎರಡನೇ ಸಲ ಕೇಳಿ ಬೈಸಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ಆಸ್ಪತ್ರೆಯ ಕಿಟಕಿಯಲ್ಲಿ ಕೇಳಿದರೆ “ಆಗಲೇ ಹೇಳಿದೆನಲ್ಲ” ಎನ್ನುತ್ತಾರೆ. ಬ್ಯಾಂಕಿನಲ್ಲಿ ಕೇಳಿದರೆ ಹಿಂದೆ ನಿಂತವರು “ಉಸ್ಸಪ್ಪಾ” ಎನ್ನುತ್ತಾರೆ. ಅದಕ್ಕೇ ನಾವೆಲ್ಲ ಅರ್ಥವಾಗದಿದ್ದರೂ ತಲೆಯಾಡಿಸಿ ಬರುವುದನ್ನು ಕಲಿತಿದ್ದೇವೆ. ಬಹಳವೆಂದರೆ ಇನ್ನೊಂದು ಸಲ ಅಲೆಯಬೇಕಾಗುತ್ತದೆ, ಅಷ್ಟೇ. ವಿಮಾನ ನಿಲ್ದಾಣದಲ್ಲಿ ಮಾತ್ರ ಅಷ್ಟಕ್ಕೇ ಮುಗಿಯುವುದಿಲ್ಲ.

ಅಂಥದೊಂದು ನಿಲ್ದಾಣದ ಟವರಿನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವ ಹೆಂಗಸೊಬ್ಬಳಿದ್ದಳು. ಪೈಲಟ್‌ಗಳು ಆಕೆಗೆ ಇಟ್ಟ ಹೆಸರು ಮೆಣಸಿನಕಾಯಿ ಮೇಡಂ. ಕೆಲಸದಲ್ಲಿ ಬೆರಳಿಟ್ಟು ತೋರಿಸುವಂಥ ತಪ್ಪಿಲ್ಲ, ನಾಲಿಗೆ ಮಾತ್ರ ಬಲು ಹರಿತ. ಯಾರಾದರೂ “ಮತ್ತೊಮ್ಮೆ ಹೇಳಿ” ಎಂದರೋ, ಅವರ ಮಾನ ಮೂರು ಕಾಸಿಗೆ ಹೋಯಿತೆಂದೇ ಲೆಕ್ಕ. ರೇಡಿಯೋದಲ್ಲಿ ಒಬ್ಬರನ್ನು ಬೈದರೆ ಆ ಹೊತ್ತಿಗೆ ಅಲ್ಲಿರುವ ಎಲ್ಲ ವಿಮಾನಗಳಿಗೂ ಕೇಳಿಸುತ್ತದೆ. ಅದು ಆಕೆಗೆ ಗೊತ್ತಿತ್ತು, ಗೊತ್ತಿದ್ದೇ ಬೈಯುತ್ತಿದ್ದಳು.

ಪಕ್ಕದ ಕುರ್ಚಿಯಲ್ಲಿ ಕೂರುವ ಗೆಳತಿ ಒಂದು ದಿನ ಕ್ಯಾಂಟೀನಿನಲ್ಲಿ ಮಾತು ತೆಗೆದಳು.

“ಅಲ್ಲ ಕಣೇ, ನಿನ್ನೆ ಒಬ್ಬ ಬರೀ ‘ಆಯ್ತು’ ಅಂದ, ನೀನು ಬಿಟ್ಬಿಟ್ಟೆ. ನಾವು ಹೇಳಿದ್ದನ್ನ ಪೂರ್ತಿ ಅವರ ಬಾಯಿಂದ ತಿರುಗಿ ಹೇಳಿಸ್ಬೇಕು ಅಂತ ನಿಯಮ ಇದೆಯಲ್ವಾ?”

“ಮಗ್ಗಿ ಒಪ್ಪಿಸೋ ಮಕ್ಕಳೇನೇ ಅವರು?”

“ಮಗ್ಗಿ ತಪ್ಪಿದ್ರೆ ಮೇಷ್ಟ್ರು ಕಿವಿ ಹಿಂಡಿ ಬಿಡ್ತಾರೆ. ಇಲ್ಲಿ ತಪ್ಪಿದ್ರೆ? ನೀನು ಬಟನ್ ಒತ್ತಿ ಮಾತಾಡೋವಾಗ್ಲೇ ಇನ್ಯಾರೋ ಒತ್ತಿದ್ರೆ, ಇಬ್ಬರ ಮಾತೂ ಕಿರ್ರ್ ಅಂತ ಕೆಟ್ಟು ಹೋಗತ್ತೆ. ಒತ್ತಿದವರಿಗೆ ಅದು ಗೊತ್ತೇ ಆಗಲ್ಲ. ಅವರು ತಿರುಗಿ ಹೇಳಿದಾಗ್ಲೇ ನಮಗೆ ಗೊತ್ತಾಗೋದು, ಮಾತು ಮುಟ್ಟಿತೋ ಇಲ್ವೋ ಅಂತ. ಮತ್ತೆ ಕೇಳಿದವರಿಗೆಲ್ಲ ನೀನು ಹೀಗೆ ಮಂಗಳಾರತಿ ಮಾಡ್ತಿದ್ರೆ, ಕೇಳ್ಬೇಕು ಅನ್ನೋರೂ ಬಾಯಿ ಮುಚ್ಕೋತಾರೆ ನೋಡು.”

“ಹೇಳೋದು ನನ್ನ ಕೆಲಸ, ಕೇಳಿಸ್ಕೊಳ್ಳೋದು ಅವರ ಕೆಲಸ. ಟೀ ಕುಡಿ, ಆರತ್ತೆ.”

ಒಳ್ಳೆಯ ಮಾತು ಆಕೆಯ ಕಿವಿಗೆ ಬಿತ್ತು. ಬಿದ್ದ ಮಾತನ್ನು ಆಕೆ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಆಕೆಯ ಗಂಡನ ತಮ್ಮ ಅದೇ ನಿಲ್ದಾಣದಿಂದ ಹಾರುವ ವಿಮಾನದಲ್ಲಿ ಸಹಪೈಲಟ್. ಆಕೆ ಮದುವೆಯಾಗಿ ಬಂದಾಗ ಅವನು ಶಾಲೆಗೆ ಹೋಗುತ್ತಿದ್ದ ಹುಡುಗ. ಆಕೆಯೇ ಓದಿಸಿ ಬೆಳೆಸಿದ್ದಳು. ವಿಮಾನ ನೆಲದ ಮೇಲಿರುವಾಗ ಕ್ಯಾಪ್ಟನ್ ಓಡಿಸುತ್ತಾರೆ, ರೇಡಿಯೋದಲ್ಲಿ ಮಾತಾಡುವುದು ಸಹಪೈಲಟ್.

ಒಂದು ಮುಂಜಾನೆ ದಟ್ಟ ಮಂಜು. ಟವರಿನಿಂದ ರನ್‌ವೇಯೇ ಕಾಣುತ್ತಿರಲಿಲ್ಲ. ಯಾರೋ ಪೈಲಟ್ “ಮತ್ತೊಮ್ಮೆ ಹೇಳಿ” ಎಂದ. “ಕಿವಿ ಮನೇಲಿ ಬಿಟ್ಟು ಬಂದ್ರಾ?” ಎಂದಳು ಮೇಡಂ. ನಾಲ್ಕಾರು ಜನ ಒಬ್ಬರ ಹಿಂದೊಬ್ಬರು ಬಟನ್ ಒತ್ತಿ ನಕ್ಕದ್ದು ಕೇಳಿಸಿತು. ಅದರ ಹಿಂದೆಯೇ ಮೈದುನನ ವಿಮಾನಕ್ಕೆ ಹೇಳಿದಳು: “ಮುಂದೆ ಬನ್ನಿ. ರನ್‌ವೇಗೆ ಮೊದಲೇ ನಿಲ್ಲಿ. ಒಂದು ವಿಮಾನ ಇಳೀತಾ ಇದೆ.”

“ಆಯ್ತು,” ಎಂದ ಮೈದುನ. ಮನೆಯ ಹುಡುಗನ ದನಿ. ಆಕೆ ನಸುನಕ್ಕು ಸುಮ್ಮನಾದಳು.

ಆ ವಿಮಾನ ನಿಲ್ಲಲಿಲ್ಲ. ರನ್‌ವೇ ಹತ್ತಿತು. ಇಳಿಯುತ್ತಿದ್ದ ವಿಮಾನದವರು ಕೊನೆಗಳಿಗೆಯಲ್ಲಿ ಪಕ್ಕಕ್ಕೆ ಎಳೆದರೂ ಅದರ ರೆಕ್ಕೆ ಇದರ ಮೂತಿಯನ್ನು ಸೀಳಿಕೊಂಡು ಹೋಯಿತು. ಎರಡೂ ವಿಮಾನಗಳ ಪ್ರಯಾಣಿಕರು ಬದುಕಿದರು. ಮೈದುನನ ಪಕ್ಕದಲ್ಲಿದ್ದ ಕ್ಯಾಪ್ಟನ್ ಕೂತಲ್ಲೇ ಹೋದರು. ಮೈದುನನ ಬಲಗಾಲನ್ನು ತೊಡೆಯವರೆಗೆ ತೆಗೆಯಬೇಕಾಯಿತು.

ವಿಚಾರಣೆಯವರು ಟೇಪು ಹಾಕಿ ಕೇಳಿದರು. ಆಕೆ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ; ತಿರುಗಿ ಹೇಳಿಸದ್ದಕ್ಕೆ ಮಾತ್ರ ಎಚ್ಚರಿಕೆ ಕೊಟ್ಟರು. “ನೋಡಿದ್ಯಾ? ನಮ್ಮ ಸೊಸೆ ಸರಿಯಾಗೇ ಹೇಳಿದ್ಲು,” ಎಂದು ಅತ್ತೆ ದೊಡ್ಡ ಮಗನಿಗೆ ಹೇಳಿ ಕಣ್ಣೊರೆಸಿಕೊಂಡರು. ಗಂಡನೂ ನಿಟ್ಟುಸಿರು ಬಿಟ್ಟ. ಕ್ಯಾಪ್ಟನ್ನರ ಹೆಂಡತಿ ಆ ಸರಿಯನ್ನು ತೆಗೆದುಕೊಂಡು ಏನು ಮಾಡಬೇಕೋ, ಅದನ್ನು ಯಾರೂ ಹೇಳಲಿಲ್ಲ.

ಮೇಡಂಗೆ ಅಷ್ಟು ಸಾಲಲಿಲ್ಲ. ಮೈದುನನ ಬಾಯಿಂದಲೂ ‘ನಿಮ್ಮ ತಪ್ಪಿಲ್ಲ’ ಎಂದು ಬರಬೇಕಿತ್ತು. ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತು ಕೇಳಿಯೇಬಿಟ್ಟಳು.

“ನಿಲ್ಲಿ ಅಂದಿದ್ದು ಕೇಳಿಸ್ಲಿಲ್ವೇನೋ?”

“‘ಮುಂದೆ ಬನ್ನಿ’ ಅನ್ನೋದಷ್ಟೇ ಕೇಳಿಸ್ತು. ಆಮೇಲೆ ಬರೀ ಕಿರ್ರ್ ಅಂತು. ಅದೇ ಹೊತ್ತಿಗೆ ಯಾರೋ ಬಟನ್ ಒತ್ತಿದ್ರು.”

“ಮತ್ತೆ ಕೇಳ್ಬಾರ್ದಿತ್ತಾ?”

ಅವನು ಗೋಡೆ ಕಡೆ ಮುಖ ತಿರುಗಿಸಿದ.

“ಕೇಳೋಣ ಅಂತ ಬಟನ್ ಮೇಲೆ ಬೆರಳಿಟ್ಟಿದ್ದೆ ಅತ್ತಿಗೆ. ಆಗಷ್ಟೇ ನೀವು ಒಬ್ಬನಿಗೆ ಅಂದ್ರಲ್ಲ, ಎಲ್ಲರೂ ನಕ್ಕರು. ಇನ್ನು ನಾನು ಕೇಳಿದ್ರೆ, ಅವಳ ಮೈದುನನೇ ಹಿಂಗೆ ಅಂತ ಆಡ್ಕೋತಾರೆ ಅನ್ನಿಸ್ತು. ಕ್ಯಾಪ್ಟನ್ ‘ಏನಂದ್ರು?’ ಅಂದ್ರು. ‘ಹೋಗಿ ಅಂದ್ರು’ ಅಂದ್ಬಿಟ್ಟೆ.”

‘ನಿಮ್ಮ ತಪ್ಪಿಲ್ಲ’ ಎನ್ನಿಸಿಕೊಳ್ಳಲು ಬಂದಿದ್ದ ಆಕೆ ಎದ್ದು ಹೊರಟಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಆಕೆ “ಆಯ್ತು” ಎಂದವರನ್ನು ಬಿಡುವುದಿಲ್ಲ. “ನಾನೇನು ಹೇಳಿದೆ, ತಿರುಗಿ ಹೇಳಿ” ಎನ್ನುತ್ತಾಳೆ. ಅವರು ಹೇಳಿ ಮುಗಿಸುವವರೆಗೂ ಕಿವಿಗೊಟ್ಟು ಕೇಳುತ್ತಾಳೆ. ಮತ್ತೊಮ್ಮೆ ಹೇಳಿ ಎಂದವರಿಗೆ ತಣ್ಣಗೆ ಮತ್ತೊಮ್ಮೆ ಹೇಳುತ್ತಾಳೆ. ಆಕೆ ಬದಲಾದಳೆಂದು ಮನೆಯವರೆಲ್ಲ ಒಪ್ಪಿದ್ದಾರೆ. ಮೈದುನ ಮಾತ್ರ ಆಕೆಯೊಡನೆ ಹೆಚ್ಚು ಮಾತಾಡುವುದಿಲ್ಲ.

ವಿಮಾನ ಓಡಿಸುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಕೇಳಿಸಿದ್ದನ್ನು ತಿರುಗಿ ಹೇಳಿ. ಅರ್ಧ ಕೇಳಿಸಿದರೆ ಇನ್ನರ್ಧವನ್ನು ನೀವೇ ಊಹಿಸಬೇಡಿ, ವಿಮಾನ ನಿಲ್ಲಿಸಿ ಕೇಳಿ. ಟವರಿನಲ್ಲಿ ಕೂತವರೇ, ಹೇಳಿದಲ್ಲಿಗೆ ನಿಮ್ಮ ಕೆಲಸ ಮುಗಿಯಲಿಲ್ಲ. ಅದು ಮುಟ್ಟಿತೋ ಇಲ್ಲವೋ ನೋಡಿ. ಬರೀ ಟಿಕೆಟ್ ಕೊಂಡು ಕೂರುವ ನಮ್ಮಂಥವರೇ, ವಿಮಾನ ಸ್ವಲ್ಪ ಹೊತ್ತು ನಿಂತರೆ ಗೊಣಗಬೇಡಿ; ಮುಂದೆ ಯಾರೋ ಮತ್ತೊಮ್ಮೆ ಕೇಳುತ್ತಿರಬಹುದು. ಕೇಳಿದರೆ ನಗುವವರಿದ್ದಾರೆಯೇ? ನಗಲಿ ಬಿಡಿ. ಆ ನಗುವನ್ನು ಕೇಳಿಸಿಕೊಳ್ಳಲು ನೀವು ಬದುಕಿರುತ್ತೀರಿ.