ಉಪ್ಪು ಹಚ್ಚಿ ಒಪ್ಪಿಸುವುದು

ಜಗಳೂರು ದಾಟಿದ ಮೇಲೆ ಸಿಗುವ ಆ ಹಳ್ಳಿಯ ಗೇಟಿನಲ್ಲಿ ಬಸ್ಸು ನಮ್ಮನ್ನು ಇಳಿಸಿತು. ಅರುಣಾ ಮೊದಲು ಮಾಡಿದ ಕೆಲಸ ಬ್ಯಾಗಿನಿಂದ ಬಾಚಣಿಗೆ ತೆಗೆದದ್ದು. ಹೆಣ್ಣು ನೋಡಲು ಬಂದವರ ಮುಂದೆ ಕೂರಬೇಕಾದ ಹುಡುಗಿಯಂತೆ ತಲೆ ಬಾಚಿ, ಮುಖ ಒರೆಸಿ, ಸೆರಗು ಸರಿಮಾಡಿಕೊಂಡು, "ಚಿಕ್ಕಪ್ಪಾ, ಹೆಂಗೆ ಕಾಣ್ತೀನಿ?" ಅಂದಳು.

"ತಾಯಿ ಥರ ಕಾಣ್ತೀಯ."

ಅವಳಿಗೆ ಬೇಕಾಗಿದ್ದ ಸರ್ಟಿಫಿಕೇಟು ಅದೇ. ಆದರೆ ಅದಕ್ಕೆ ಸಹಿ ಹಾಕಬೇಕಾದ ಅಧಿಕಾರಿ ನಾನಲ್ಲ. ಎರಡು ವರ್ಷದ ಅವಳ ಮಗಳು.

ನ್ಯಾಮತಿಯ ತವರಿನಿಂದ ಹೊನ್ನಾಳಿಗೆ ಬರುವಾಗ ಸ್ಕೂಟರಿನಿಂದ ಬಿದ್ದು ಅರುಣಾಳ ಬಲಗಾಲು ಮುರಿದಿತ್ತು. ಗಂಡ ಮಾರುತಿ ಭತ್ತ ಕೊಯ್ಯುವ ಯಂತ್ರದ ಡ್ರೈವರ್. ಕೊಯ್ಲು ಎಲ್ಲಿದೆಯೋ ಅಲ್ಲಿ ಅವನು. ಎದ್ದು ನೀರು ಕುಡಿಯಲಾಗದವಳು ಓಡುವ ಮಗುವನ್ನು ಹಿಡಿಯುವುದೆಂತು? ಹಾಗಾಗಿ ಮಗುವನ್ನು ಮಾರುತಿಯ ಅಪ್ಪ ಅಮ್ಮನ ಬಳಿ, ಈ ಕುರಿಗಳ ಊರಿಗೆ ಕಳಿಸಿದರು. ಒಂದು ತಿಂಗಳ ಮಾತು ಅಂದದ್ದು ಮಳೆಗಾಲ ಕಳೆದು ಚಳಿಗಾಲಕ್ಕೆ ಬಂದು ಮುಟ್ಟಿತು. ಈಗ ಅರುಣಾಳ ಮೂಳೆ ಕೂಡಿತ್ತು, ಬ್ಯಾಗು ಹೊರುವಷ್ಟಲ್ಲ. ಬ್ಯಾಗಿಗಾಗಿ ನಾನು ಬಂದಿದ್ದೆ.

ಮಗುವಿನ ಹೆಸರು ಚೈತ್ರಶ್ರೀ. ಹೆಸರು ಅವಳಿಗಿಂತ ಉದ್ದವಿದ್ದದ್ದರಿಂದ ಎಲ್ಲರೂ ಚೈತು ಅನ್ನುತ್ತಿದ್ದರು. ನಾವು ಹೋದಾಗ ಅವಳು ಅಂಗಳದಲ್ಲಿ ಒಂದು ಹುಂಜಕ್ಕೆ ಬುದ್ಧಿ ಹೇಳುತ್ತಿದ್ದಳು. ಹುಂಜ ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿತ್ತು. ಮಾತಿನಲ್ಲಿ ಅರ್ಥವಾಗುವಂಥದ್ದು "ಬ್ಯಾಡ" ಒಂದೇ, ಉಳಿದದ್ದೆಲ್ಲ ಬೆರಳಿನಲ್ಲಿತ್ತು.

"ಚೈತೂ..." ಅರುಣಾ ಕಾಲು ಮಡಚಲು ಬಂದಷ್ಟು ಮಡಚಿ ಕೈ ಚಾಚಿದಳು.

ಚೈತು ಅವಳನ್ನು ಪೋಲಿಯೋ ಹನಿ ಹಾಕಲು ಬಂದವರನ್ನು ನೋಡುವಂತೆ ನೋಡಿ, ಅಜ್ಜಿ ಗಾದ್ರಮ್ಮನ ಸೀರೆಯ ಹಿಂದೆ ಸೇರಿಕೊಂಡಳು.

"ಯಾಕೆ ಅಡಗ್ತೀಯೇ? ನಿಮ್ಮಮ್ಮ ಕಣೇ! ದಿನಾ ಅಮ್ಮ ಅಮ್ಮ ಅಂತಿದ್ದಿಯಲ್ಲ, ಬಂದಾಳೆ ನೋಡು," ಅಂದರು ಗಾದ್ರಮ್ಮ.

ಚೈತು ತಲೆ ಅಲ್ಲಾಡಿಸಿದಳು. ದೊಡ್ಡವರ ಅಜ್ಞಾನಕ್ಕೆ ಮರುಗುವವಳಂತೆ ಒಳಗೆ ಹೋಗಿ, ಗೂಡಿನಲ್ಲಿದ್ದ ಅಜ್ಜಿಯ ಫೋನು ಎರಡೂ ಕೈಯಲ್ಲಿ ಹಿಡಿದು ತಂದು ತೋರಿಸಿದಳು. "ಅಮ್ಮ ಇಲ್ಲೈತೆ."

ಅಷ್ಟು ದಿನ ಅರುಣಾ ಸಂಜೆ ಸಂಜೆ ವಿಡಿಯೋ ಕಾಲ್ ಮಾಡಿದ್ದರ ಫಲ ಇದು. ಆದರೂ ಅವಳು ಸೋಲಲಿಲ್ಲ. ಮನೆಯ ಹಿಂದೆ ಹೋಗಿ ತನ್ನ ಫೋನಿನಿಂದ ಕರೆ ಮಾಡಿದಳು. ಇಲ್ಲಿ ಚೈತು "ಅಮ್ಮಾ!" ಎಂದು ಕುಣಿದು ಗಾಜಿಗೆ ಮುತ್ತು ಕೊಟ್ಟಳು. ಅರುಣಾ ಮಾತಾಡುತ್ತಲೇ ನಿಧಾನಕ್ಕೆ ನಡೆದು ಬಂದು ಎದುರು ನಿಂತಳು. ಮಗು ಇದನ್ನು ನೋಡಿತು, ಅದನ್ನು ನೋಡಿತು. ಒಬ್ಬಳು ಅಂಗೈಯಲ್ಲಿ ಹಿಡಿಸುತ್ತಾಳೆ, ಯಾವಾಗಲೂ ನಗುತ್ತಾಳೆ, ಬೇಜಾರಾದರೆ ಒತ್ತಿ ಕಳಿಸಬಹುದು. ಇನ್ನೊಬ್ಬಳು ದೊಡ್ಡವಳು, ಕುಂಟುತ್ತಾಳೆ, ಮೂಗು ಸೊರ್ರೆನ್ನಿಸುತ್ತಾಳೆ. ನಾನಾಗಿದ್ದರೂ ಮೊದಲನೆಯವಳನ್ನೇ ಆರಿಸುತ್ತಿದ್ದೆ. ಚೈತು ತನ್ನ ತಾಯಿಯನ್ನು ಎದೆಗೊತ್ತಿಕೊಂಡು ಈ ಹೆಂಗಸಿಗೆ ಬೆನ್ನು ತಿರುಗಿಸಿದಳು.

ನಗುವುದೋ ಬೇಡವೋ ಯಾರಿಗೂ ಗೊತ್ತಾಗಲಿಲ್ಲ.

"ಸಣ್ಣ ಕೂಸು, ನಾಳೆ ಎತ್ಕೊಂಡು ಬಸ್ ಹತ್ತು. ದಾವಣಗೆರೆ ಮುಟ್ಟೋದ್ರಾಗೆ ಅತ್ತು ಸುಮ್ಕಾಗ್ತಾಳೆ," ಅಂದರು ಗಾದ್ರಮ್ಮ.

"ಬ್ಯಾಡ ಅತ್ತೆ. ಎಳ್ಕೊಂಡು ಹೋದ್ರೆ ನಾನು ಮಕ್ಕಳ ಕಳ್ಳಿ ಆಗ್ತೀನಿ. ನಾಳೆ ಬಸ್ಸಿಗೆ ಅವಳಾಗೇ ಬಂದ್ರೆ ಕರ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ಇಲ್ಲೇ ಬೆಳೀಲಿ." ಅರುಣಾ ಇದನ್ನು ಬಹಳ ಗಟ್ಟಿಯಾಗಿ ಹೇಳಿದಳು. ಹೇಳಿ, ಅಂಗಳದ ಕಲ್ಲುಚಪ್ಪಡಿಯ ಮೇಲೆ ಕೂತವಳು ಮತ್ತೆ ಏಳಲಿಲ್ಲ. ತಂದಿದ್ದ ಬಿಸ್ಕತ್ತು, ಬಣ್ಣದ ಚೆಂಡು, ಒತ್ತಿದರೆ ಕೂಗುವ ಬಾತುಕೋಳಿ ಎಲ್ಲವನ್ನೂ ಚೈತು ದೂರದಿಂದಲೇ ಸ್ವೀಕರಿಸಿದಳು. ಕೊಟ್ಟವಳನ್ನು ಮಾತ್ರ ಇಲ್ಲ.

ಹೊತ್ತು ಇಳಿಯುವಾಗ ಅಜ್ಜ ತಿಪ್ಪೇರುದ್ರಸ್ವಾಮಿ ಕುರಿ ಹೊಡೆದುಕೊಂಡು ಬಂದರು. ಮೊದಲು ಧೂಳು ಬಂತು, ಆಮೇಲೆ ಸದ್ದು, ಕೊನೆಗೆ ಕುರಿ. ಮೇಯಲು ಹೋಗಲಾರದ ಎಳೆ ಮರಿಗಳನ್ನು ಹಗಲೆಲ್ಲ ಮನೆಯ ಪಕ್ಕದ ಬೇಲಿಯೊಳಗೆ ದೊಡ್ಡ ಬಿದಿರ ಬುಟ್ಟಿ ಕವುಚಿ ಇಟ್ಟಿರುತ್ತಾರೆ. ತಾಯಂದಿರ ಸದ್ದು ಕೇಳಿದ್ದೇ ಬುಟ್ಟಿಗಳು ತಾವೇ ನಡೆಯತೊಡಗಿದವು. ಗಾದ್ರಮ್ಮ ಒಂದೊಂದನ್ನೇ ಎತ್ತಿದರು.

ಓದಿದ್ದು ಬಹಳವಿದ್ದರೂ ನಾನು ಇದನ್ನು ಕಂಡಿರಲಿಲ್ಲ. ಅಷ್ಟೂ ಕುರಿ, ಅಷ್ಟೂ ಮರಿ ಒಂದೇ ಅಕ್ಷರ ಕೂಗುತ್ತಿವೆ. ನಮ್ಮ ಕಿವಿಗೆ ಒಂದೇ ಗದ್ದಲ. ಆದರೆ ಆ ಗದ್ದಲದೊಳಗೆ ಪ್ರತಿ ಮರಿಗೂ ತನ್ನ ಹೆಸರು ಕೇಳಿಸಿದೆ. ಬೇರೆಯವರ ಕಾಲ ಸಂದಿಯಲ್ಲಿ ನುಗ್ಗಿ, ತಪ್ಪು ತಾಯಿಯಿಂದ ಗುದ್ದಿಸಿಕೊಂಡು, ಬಿದ್ದು, ಎದ್ದು, ಸರಿಯಾದವಳ ಬುಡಕ್ಕೆ ಹೋಗಿ ಮಂಡಿಯೂರುತ್ತದೆ. ಒಂದು ಬೀಡಿ ಸೇದುವಷ್ಟರಲ್ಲಿ ಅಂಗಳ ನಿಶ್ಶಬ್ದ. ಅಲ್ಲಾಡುವುದು ಬಾಲಗಳು ಮಾತ್ರ.

"ಇವಕ್ಕೆ ಹೆಂಗೆ ತಿಳೀತೈತೆ?" ಅಂದೆ.

"ವಾಸನೆ, ಧ್ವನಿ. ಇನ್ನೇನೈತಿ ಅದರಾಗೆ?" ಅಂದರು ತಿಪ್ಪೇರುದ್ರಸ್ವಾಮಿ, ನಾನು ಸೂರ್ಯ ಯಾಕೆ ಮುಳುಗುತ್ತಾನೆಂದು ಕೇಳಿದೆನೋ ಎಂಬಂತೆ.

ಅರುಣಾ ಮುಖ ಆ ಕಡೆ ಮಾಡಿದಳು.

ಒಂದು ಮರಿ ಮಾತ್ರ ಉಳಿಯಿತು. ತಾಯಿ ಹಾವು ಕಚ್ಚಿ ಸತ್ತಿತ್ತಂತೆ. ಹಾಗೆಯೇ ಒಂದು ಕುರಿಯೂ ಉಳಿಯಿತು. ಅದರ ಮರಿ ಹುಟ್ಟಿದ ದಿನವೇ ಹೋಗಿತ್ತು. ಗಾದ್ರಮ್ಮ ಕುರಿಯ ಹಿಂಗಾಲು ಹಿಡಿದು, "ಚೈತೂ, ಉಪ್ಪು!" ಎಂದು ಕೂಗಿದರು.

ಚೈತು ಫೋನು ಬಿಸಾಕಿ, ಒಳಗಿನಿಂದ ಉಪ್ಪಿನ ಬಟ್ಟಲು ಹಿಡಿದು ಬಂದಳು. ಇದು ಅವಳ ಖಾತೆಯೆಂದು ನೋಡಿದರೇ ತಿಳಿಯುತ್ತಿತ್ತು. ಅಜ್ಜಿ ಮರಿಯ ಬೆನ್ನಿಗೆ ನೀರು ಚಿಮುಕಿಸಿದರು, ಮೊಮ್ಮಗಳು ಉಪ್ಪು ಉದುರಿಸಿದಳು. ಕುರಿ ಮೂಸಿತು, ತಲೆಯಿಂದ ಒಂದು ಗುದ್ದಿತು.

"ಏ ಗಯ್ಯಾಳಿ, ನೆಕ್ಕಿ ನೋಡೇ. ನಿನ್ನ ಗಂಟೇನು ಹೋಗಂಗಿಲ್ಲ," ಎಂದು ಗಾದ್ರಮ್ಮ ಬೈದರು. ಆಮೇಲೆ ನಮ್ಮ ಕಡೆ ತಿರುಗಿ, "ಉಪ್ಪಿನ ಆಸೆಗೆ ನೆಕ್ತೈತೆ. ನೆಕ್ತಾ ನೆಕ್ತಾ ವಾಸನೆ ಹತ್ತತೈತೆ. ಆಮೇಲೆ ಇದು ಅದರದೇ ಮರಿ. ನಾವು ಬ್ಯಾಡಾಂದ್ರೂ ಬಿಡಂಗಿಲ್ಲ," ಅಂದರು.

ಕುರಿ ಮತ್ತೆ ಮೂಸಿತು. ನಾಲಿಗೆ ಹೊರಬಂತು. ಒಮ್ಮೆ, ಇನ್ನೊಮ್ಮೆ. ಮರಿ ನಡುಗುತ್ತ ನಿಂತು ನೆಕ್ಕಿಸಿಕೊಂಡು, ಮೆಲ್ಲಗೆ ಹಿಂದಕ್ಕೆ ಸರಿದು, ಕೆಚ್ಚಲಿಗೆ ಬಾಯಿ ಹಾಕಿತು. ಗಾದ್ರಮ್ಮ ಕಾಲು ಬಿಟ್ಟರು. ಕುರಿ ಕದಲಲಿಲ್ಲ.

ಚೈತು ಬಟ್ಟಲು ಹಿಡಿದುಕೊಂಡು ಇದನ್ನು ನೋಡಿದಳು. ನಂತರ ತಿರುಗಿ ಕಲ್ಲುಚಪ್ಪಡಿಯ ಮೇಲಿದ್ದ ಅರುಣಾಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಕೆಲಸ ಬಲ್ಲವರು ಕೆಲಸ ಬಾಕಿಯಿದ್ದಾಗ ನೋಡುತ್ತಾರಲ್ಲ, ಹಾಗೆ. ಆಮೇಲೆ ನಡೆದು ಬಂದಳು.

ಮೊದಲು ಅರುಣಾಳ ಮಂಡಿ ಮೂಸಿದಳು. ನಂತರ ಹಿಂದೆ ಸರಿದು ತಲೆಯಿಂದ ಒಂದು ಗುದ್ದು ಕೊಟ್ಟಳು, ಅದೂ ಮುರಿದ ಕಾಲಿಗೇ. ಅರುಣಾ ತುಟಿ ಕಚ್ಚಿಕೊಂಡಳು, ಅಲ್ಲಾಡಲಿಲ್ಲ. ಚೈತು ಹಿಡಿ ತುಂಬ ಉಪ್ಪು ತೆಗೆದಳು. ಈಗ ತನ್ನ ಮೈಗೆ ಹಚ್ಚಿಕೊಳ್ಳುತ್ತಾಳೆ ಅಂದುಕೊಂಡೆ. ಮಗು ಅವಳಲ್ಲವೇ? ತಾಯಿ ಇವಳಲ್ಲವೇ?

ಚೈತು ಉಪ್ಪನ್ನು ಅರುಣಾಳ ತಲೆಯ ಮೇಲೆ ಸುರಿದಳು. ಭುಜಕ್ಕೆ ಹಾಕಿದಳು. ಕೈಗೆ ತಿಕ್ಕಿದಳು. ಬಾಚಣಿಗೆಯ ಶ್ರಮವೆಲ್ಲ ಹರಳುಪ್ಪಿನಲ್ಲಿ ಮುಚ್ಚಿಹೋಯಿತು.

"ಏ! ಕಣ್ಣಾಗೆ ಬೀಳತೈತೆ!" ಗಾದ್ರಮ್ಮ ಓಡಿ ಬಂದರು.

"ಸುಮ್ಕಿರ್ರಿ ಅತ್ತೆ," ಅಂದಳು ಅರುಣಾ, ಉಸಿರಿನಲ್ಲೇ.

ಚೈತು ಬಟ್ಟಲು ಕೆಳಗಿಟ್ಟು, ಕಲ್ಲು ಹತ್ತಿ, ಅರುಣಾಳ ಮುಂಗೈ ಹಿಡಿದು ನೆಕ್ಕಿದಳು. ಮುಖ ಕಿವುಚಿಕೊಂಡಳು. ಆದರೆ ಕರ್ತವ್ಯ ಬಿಡಲಿಲ್ಲ. ಮೊಣಕೈ ನೆಕ್ಕಿದಳು, ಭುಜ ನೆಕ್ಕಿದಳು, ಕೊನೆಗೆ ಎರಡು ಕೈಯಲ್ಲಿ ಮುಖ ಹಿಡಿದು ಕೆನ್ನೆಗೆ ಬಂದಳು. ಅಲ್ಲಿ ಉಪ್ಪು ಹಾಕುವ ಅಗತ್ಯವೇ ಇರಲಿಲ್ಲ.

ನನಗೆ ನಗು ಬಂದಿತ್ತು. ಎಲ್ಲಿ ಹೋಯಿತೋ ತಿಳಿಯದು. ನಾವು ಬೆಳಗಿನಿಂದ ಒಂದು ಮಗುವಿಗೆ ತಾಯಿಯನ್ನು ಒಪ್ಪಿಸಲು ಹೆಣಗುತ್ತಿದ್ದೆವು. ಆ ಮಗು ಅಂಗಳದಲ್ಲಿ ಒಂದು ತಬ್ಬಲಿ ಕೂತಿರುವುದನ್ನು ಕಂಡಿತ್ತು, ಯಾರೂ ಅದನ್ನು ವಿಚಾರಿಸುತ್ತಿಲ್ಲವೆಂದೂ ಕಂಡಿತ್ತು. ಅದನ್ನು ಒಪ್ಪಿಸಲು ಬೇರೆ ಕುರಿ ಉಳಿದಿರಲಿಲ್ಲ. ತಾನೇ ಒಪ್ಪಿಕೊಂಡಿತು. ಮೂರಡಿಯೂ ಇಲ್ಲದ ಆ ಜೀವದಲ್ಲಿ ಅಷ್ಟು ಜಾಗ ಎಲ್ಲಿತ್ತೆಂದು ನಾನು ಈಗಲೂ ಬೆರಗಾಗುತ್ತೇನೆ.

ತಿಪ್ಪೇರುದ್ರಸ್ವಾಮಿ ರುಮಾಲು ತೆಗೆದು ಮತ್ತೆ ಸುತ್ತಿಕೊಂಡರು. "ನಮ್ಮ ಮನೀ ಕೂಸು ಬಿಡ್ರಿ," ಅಂದರು ಗಾಳಿಗೆ.

ನೆಕ್ಕಿದ ಮೇಲೆ ಕುಡಿಸಬೇಕು. ಚೈತು ಒಳಗೆ ಹೋಗಿ ತನ್ನ ಹಾಲಿನ ಲೋಟ ತಂದು ಅರುಣಾಳ ಬಾಯಿಗೆ ಹಿಡಿದಳು. "ಕುಡಿ, ಮರಿ."

ಅರುಣಾ ಕುಡಿದಳು. ಅರ್ಧ ಸೀರೆಯ ಮೇಲೆ ಹೋಯಿತು. ಹೊಸ ತಾಯಿ ತನ್ನ ಅಂಗಿಯಿಂದ ಒರೆಸಿದಳು. ಆ ರಾತ್ರಿ ಊಟದಲ್ಲಿ ಸಾರಿಗೆ ಉಪ್ಪು ಕಡಿಮೆಯಿತ್ತು.

ಬೆಳಿಗ್ಗೆ ಬಸ್ಸು ಬಂದಾಗ ಚೈತು ಅರುಣಾಳ ಬೆರಳು ಹಿಡಿದು ಮುಂದೆ ನಡೆದಳು. ಗಾದ್ರಮ್ಮ ಬಾಗಿ, "ಹೋಗವ್ವ. ನಿನ್ನ ಮರೀನ ನೀನೇ ಜ್ವಾಪಾನ ಮಾಡ್ಕೋ," ಅಂದರು. ಚೈತು ಗಂಭೀರವಾಗಿ ತಲೆ ಆಡಿಸಿದಳು. ಗಾದ್ರಮ್ಮ ತಟ್ಟನೆ ತಿರುಗಿ ಡ್ರೈವರನ ಮೇಲೆ ಹರಿಹಾಯ್ದರು: "ಏನಪ್ಪಾ, ಈ ಮೆಟ್ಲು ಇಷ್ಟು ಎತ್ತರ ಇಟ್ಟೀಯ, ಮಕ್ಕಳು ಮರಿ ಹೆಂಗೆ ಹತ್ತಬೇಕು?" ಮೆಟ್ಟಿಲು ಇಟ್ಟವನು ತಾನಲ್ಲವೆಂದು ಅವನು ಹೇಳುವಷ್ಟರಲ್ಲಿ ಅವರು ಸೆರಗು ಬಾಯಿಗಿಟ್ಟುಕೊಂಡು ಮನೆಯ ದಾರಿ ಹಿಡಿದಿದ್ದರು.

ಕಂಡಕ್ಟರ್ ಕಿಟಕಿ ಪಕ್ಕದ ಸೀಟು ತೋರಿಸಿದ. ಚೈತು ಮೊದಲು ಅರುಣಾಳನ್ನು ಒಳಗೆ ಕೂರಿಸಿ, ತಾನು ಹೊರಗಿನ ತುದಿಗೆ ಕೂತಳು. ಬಸ್ಸು ಕುಲುಕಿ ಹೊರಟಿತು. ಅವಳ ಪುಟ್ಟ ಕೈ ಸರಕ್ಕನೆ ಅರುಣಾಳ ಹೊಟ್ಟೆಗೆ ಅಡ್ಡ ಬಂತು.

"ಮರಿ, ಬೀಳ್ತೀಯ!"

"ಇಲ್ಲವ್ವಾ," ಅಂದಳು ಅರುಣಾ, "ಗಟ್ಟಿಯಾಗಿ ಹಿಡ್ಕೊಂಡೀನಿ."