ಸಿಕ್ಕಿಕೊಳ್ಳುವ ಹಾಡು

"ಅತ್ತೆ, ಅದೊಂದು ನನ್ ಕೈಗೆ ಕೊಡಿ. ಸಂಜೆಯೊಳಗೆ ವಾಪಸ್ ಕೊಡ್ತೀನಿ."

ಕುನಿಯಾಕಿ ಸೊಂಟ ಸ್ವಲ್ಪ ಬಗ್ಗಿಸಿ, ಎರಡೂ ಕೈ ಚಾಚಿ ಕೇಳಿದ. ಹೆಂಡತಿಯ ತಾಯಿಯ ಮುಂದೆ ಅವನು ಇವತ್ತಿಗೂ ಹೀಗೆಯೇ ನಿಲ್ಲುವುದು. ಮಿತ್ಸುಯೊ ಮಡಿಲಲ್ಲಿದ್ದ ಸಿ.ಡಿ.ಯ ಮೇಲಿಂದ ಕೈ ತೆಗೆಯಲಿಲ್ಲ.

"ನಂದನ್ನೂ ಕಂಪ್ಯೂಟರ್ ಹೊಟ್ಟೆಗೆ ಹಾಕ್ತೀರಾ?"

"ಹಾಕಿದ್ರೆ ಹಾಳಾಗಲ್ಲ, ಉಳಿಯತ್ತೆ. ತುಂಬ ಗೀರು ಬಿದ್ದಿದೆ ನೋಡಿ. ದಿನಾ ಒಂದೇ ಕಡೆ ಸಿಕ್ಕಿ ಹಾಕ್ಕೊಳ್ಳತ್ತಲ್ಲ, ಸರಿ ಮಾಡಿ ಕೊಡ್ತೀನಿ."

ಅಳಿಯ ಇಷ್ಟು ವಿನಯವಾಗಿ ಕೇಳಿದ ಮೇಲೆ ಇಲ್ಲವೆನ್ನುವುದು ಹೇಗೆ? ಮುದುಕಿ ಡಿಸ್ಕನ್ನು ಕೊಟ್ಟು ಕಿಟಕಿಯ ಕಡೆ ತಿರುಗಿ ಕೂತಳು.

ಚಳಿಗಾಲದಲ್ಲಿ ಜಾರಿ ಬಿದ್ದ ತಾಯಿಯನ್ನು ಅವನ ಹೆಂಡತಿ ಚಿಜುರು ತವರೂರು ನಾಕಾತ್ಸುಗಾವಾದಿಂದ ಕಾಸುಗಾಯಿಯ ತಮ್ಮ ಫ್ಲ್ಯಾಟಿಗೆ ಕರೆತಂದಿದ್ದಳು. ಇನ್ನು ಇಲ್ಲೇ ಇರಲಿ ಎಂಬುದು ಮಗಳ ಆಸೆ. ಹಿರಿಯರನ್ನು ನೆನೆಯುವ ಹಿಗಾನ್ ಹಬ್ಬ ಕಳೆದ ಮೇಲೆ ಹೊರಡುತ್ತೇನೆ ಎಂಬುದು ತಾಯಿಯ ಹಟ. ಹಾಗೆ ಹೊರಟು ಮತ್ತೊಮ್ಮೆ ಬಿದ್ದರೆ ಎತ್ತುವವರು ಯಾರು ಎಂದು ನೆನೆದು ಚಿಜುರು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ತಾಯಿಗೆಂದು ಗೊತ್ತು ಮಾಡಿದ ಕೋಣೆಯ ತುಂಬ ಇನ್ನೂ ಗಂಡನ ಸಿ.ಡಿ.ಗಳಿದ್ದವು. ಮುದುಕಿ ಹಾಲಿನಲ್ಲಿ ಹಾಸಿಗೆ ಬಿಡಿಸಿ ಮಲಗುತ್ತಿದ್ದಳು.

ಕುನಿಯಾಕಿ ಗೇರ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತನಾದವನು. ಸಿ.ಡಿ.ಗಳನ್ನು ಡಬ್ಬಕ್ಕೆ ತುಂಬುವ ಮೊದಲು ಒಂದೊಂದನ್ನೂ ಕಂಪ್ಯೂಟರಿಗೆ ಇಳಿಸುತ್ತಿದ್ದ. ಅದೂ ಹಾಡು ಹಾಡಾಗಿ ಬಿಡಿಸಿ ಅಲ್ಲ, ಇಡೀ ಡಿಸ್ಕನ್ನು ಒಂದೇ ಇಮೇಜ್ ಆಗಿ, ಅಂದರೆ ಪಡಿಯಚ್ಚಾಗಿ. ಎರಡು ಹಾಡುಗಳ ನಡುವಿನ ಮೌನವೂ ಇದ್ದಷ್ಟೇ ಉದ್ದ ಇರಬೇಕು. ಇಳಿಸಿದ ಮೇಲೆ ಮತ್ತೊಮ್ಮೆ ಓದಿಸಿ, ಎರಡನ್ನೂ ತಾಳೆ ಹಾಕಿ, ಒಂದು ಚೂರು ವ್ಯತ್ಯಾಸ ಬಂದರೆ ಮೊದಲಿಂದ ಶುರು. ಕೋಣೆ ಬಿಟ್ಟುಕೊಡಲು ಅವನಿಗೆ ಒಳಗೊಳಗೇ ಮನಸ್ಸಿರಲಿಲ್ಲ ಎನ್ನುವುದೂ ಸುಳ್ಳಲ್ಲ.

"ನಿಮ್ಮ ತಾಳೆ ಮುಗಿಯೋಷ್ಟರಲ್ಲಿ ಅಮ್ಮಂಗೆ ಕೋಣೆ ಬೇಕಾಗಿರಲ್ಲ, ಗೋರಿ ಬೇಕಾಗಿರತ್ತೆ!" ಎಂದು ಚಿಜುರು ದಿನವೂ ಚುಚ್ಚುತ್ತಿದ್ದಳು.

"ಮಾಡೋ ಕೆಲಸ ಸರಿಯಾಗಿ ಮಾಡ್ಬೇಕು ಕಣೇ."

"ಸರಿಯಾಗಿ ಮಾಡಿ ಮಾಡಿನೇ ನಿಮಗೆ ತಲೆ ಬೋಳಾಗಿದ್ದು."

ಅತ್ತೆಯ ವಿಷಯದಲ್ಲೂ ಅವನು ಎಲ್ಲವನ್ನೂ ಸರಿಯಾಗಿಯೇ ಮಾಡುತ್ತಿದ್ದ. ಸ್ನಾನದ ತೊಟ್ಟಿಯ ಬಿಸಿನೀರು ಮೊದಲು ಅವಳಿಗೆ. ದಿನವೂ ಬೆಳಿಗ್ಗೆ ಬಾಗಿಲ ಬಳಿ ಹೋಗಿ, ಬಂದು ಹೋಗುವ ಅತಿಥಿಗಳಿಗೆ ಮಾಡುವ ಹಾಗೆ, ಅವಳ ಚಪ್ಪಲಿಯನ್ನು ಜೋಡಿಸಿ ಹೊರಮುಖವಾಗಿ ತಿರುಗಿಸಿಡುತ್ತಿದ್ದ. ಹೊರಟಾಗ ಬಗ್ಗಿ ತಡಕಾಡಬಾರದಲ್ಲ!

ಅತ್ತೆಯ ಡಿಸ್ಕು ಊರಿನ ಹೆಂಗಸರ ಕೂಟದವರು ಹಾಡಿದ್ದು, ಹೊಳೆಯಲ್ಲಿ ಮರದ ದಿಮ್ಮಿ ಸಾಗಿಸುವವರ ಹಾಡುಗಳು. ಕುನಿಯಾಕಿ ಅದನ್ನು ದೀಪಕ್ಕೆ ಹಿಡಿದು ನೋಡಿದ. ಗೀರು ವಿಚಿತ್ರವಾಗಿತ್ತು. ಒರೆಸುವಾಗ, ಬೀಳಿಸಿದಾಗ ಆಗುವ ಗೀರುಗಳು ಹೇಗೆಂದರೆ ಹಾಗೆ ಅಡ್ಡಾದಿಡ್ಡಿ ಇರುತ್ತವೆ. ಇದು ಡಿಸ್ಕಿನ ಸುತ್ತಿನ ಜೊತೆಗೇ ಬಾಗಿಕೊಂಡು ಹೋಗಿತ್ತು. ಕಂಪ್ಯೂಟರು ಆ ಜಾಗಕ್ಕೆ ಬಂದು ನಿಂತಿತು, ಹಿಂದೆ ಹೋಗಿ ಮತ್ತೆ ಓದಿತು, ಮತ್ತೂ ಓದಿತು. ಇವನೂ ಊಟ ಬಿಟ್ಟು ಕಾದು ಕೂತ. ಕೊನೆಗೆ ಪರದೆಯ ಮೇಲೆ ತಪ್ಪಿಲ್ಲವೆಂದು ಬಂದಾಗ ಅವನಿಗೆ ಕಾರ್ಖಾನೆಯ ದಿನಗಳ ಖುಷಿಯೇ ಆಯಿತು. ಅತ್ತೆಯ ಹಳೆಯ ಪ್ಲೇಯರು ಇನ್ನೇಕೆ ಎಂದು ಅದನ್ನು ನಗರಸಭೆಯ ಕಸದ ಚೀಲಕ್ಕೆ ಹಾಕಿ ಬಾಗಿಲ ಬಳಿ ಇಟ್ಟ.

ಸಂಜೆ ಚಿಜುರು ಪೇಟೆಗೆ ಹೋಗಿದ್ದಾಗ ಹಾಲಿನಲ್ಲಿ ಸ್ಪೀಕರ್ ಜೋಡಿಸಿ ಹಾಡು ಹಚ್ಚಿದ. ಮಿತ್ಸುಯೊ ಕಣ್ಣು ಮುಚ್ಚಿ ಕೇಳುತ್ತಿದ್ದಳು. ದಿಮ್ಮಿ ಎಳೆಯುವವರ "ಯೋಯಿ, ಯೋಯಿ" ಎಂಬ ಕೂಗು ಬಂತು. ದಿನವೂ ಸಿಕ್ಕಿಕೊಳ್ಳುತ್ತಿದ್ದುದು ಅಲ್ಲೇ. ಅವಳ ಬಲಗೈ ತಾನಾಗಿ ಮೇಲೆದ್ದಿತು, ಪ್ಲೇಯರಿನ ಮುಚ್ಚಳ ತಟ್ಟಲು. ಹಾಡು ಎಲ್ಲೂ ನಿಲ್ಲದೆ ಸರಾಗವಾಗಿ ಮುಂದೆ ಹೋಯಿತು. ಕೈ ಸ್ವಲ್ಪ ಹೊತ್ತು ಹಾಗೇ ಇದ್ದು ಮಡಿಲಿಗೆ ಇಳಿಯಿತು.

"ಇದು ನಂದಲ್ಲ," ಎಂದಳು.

"ನಿಮ್ದೇ ಅತ್ತೆ. ಒಂಚೂರೂ ಬಿಟ್ಟಿಲ್ಲ."

"ಅದೇ ಹೇಳ್ತಿರೋದು. ಎಲ್ಲೂ ಸಿಕ್ಕಿ ಹಾಕ್ಕೊಳ್ದೇ ಹೋದ್ರೆ ಅವರು ಯಾಕೆ ಬರ್ತಾರೆ?"

ಕುನಿಯಾಕಿಗೆ ಅರ್ಥವಾಗಲಿಲ್ಲ. ಮುದುಕಿಗೆ ಮರೆವು ಶುರುವಾಯಿತೇನೋ ಎಂದು ಗಾಬರಿಯಾಯಿತು. ಅದು ಗೊತ್ತಾಗಿ ಅವಳು ನಕ್ಕುಬಿಟ್ಟಳು.

"ತಲೆ ಸರಿಯಾಗೇ ಇದೆ, ಹೆದರ್ಬೇಡಿ. ನಿಮ್ಮಾವ ಬಡಗಿ ಅಲ್ವಾ, ಬೆಳಿಗ್ಗೆ ಶೆಡ್ಡಿಗೆ ಹೋದ್ರೆ ಊಟಕ್ಕೂ ಮೂರ್ಮೂರು ಸಲ ಕರೀಬೇಕು. ಮಾತಂತೂ ಮೊದಲೇ ಕಮ್ಮಿ. ಆದ್ರೆ ಹಾಡು ಸಿಕ್ಕಿ ಹಾಕ್ಕೊಂಡ್ರೆ ಮಾತ್ರ ತಡ್ಕೊಳ್ತಿರಲಿಲ್ಲ. ಮೈಗೆಲ್ಲ ಮರದ ಹೊಟ್ಟು ಮೆತ್ಕೊಂಡೇ ಒಳಗೆ ಬಂದು ಮುಚ್ಚಳ ತಟ್ಟೋರು. ‘ತಡ ಆಯ್ತಲ್ರೀ’ ಅಂತಿದ್ದೆ. ಬಂದೋರು ಕೂತು ಒಂದು ಲೋಟ ಟೀ ಕುಡ್ದು ಹೋಗೋರು. ಅವರು ತೀರ್ಕೊಂಡ್ಮೇಲೆ ನಾನೇ ತಟ್ಕೋತೀನಿ."

"ಹಾಗಾದ್ರೆ ಆ ಗೀರು..."

"ನನ್ ತಲೆಪಿನ್ನಿಂದು," ಎಂದಳು ಮಿತ್ಸುಯೊ, ಸ್ವಲ್ಪವೂ ನಾಚದೆ. "ತಾನಾಗಿ ಬಿದ್ದ ಗೀರಿಗೆ ಹಾಡು ಬರೀ ಒಂದ್ಸಲ ತಡವರಿಸೋದು. ಅಷ್ಟಕ್ಕೆಲ್ಲ ಏಳೋ ಗಂಡಸಲ್ಲ ಅವರು."

ಕುನಿಯಾಕಿ ನಗಬೇಕೋ ಕ್ಷಮೆ ಕೇಳಬೇಕೋ ತಿಳಿಯದೆ ತಲೆ ಬಗ್ಗಿಸಿದ. ಅಷ್ಟು ತಾಳೆ ಹಾಕಿ, ಊಟ ಬಿಟ್ಟು, ತಾನು ಅಳಿಸಿದ್ದು ಇದನ್ನು!

"ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ನೀವು ಎಲ್ಲಾನೂ ಚೆನ್ನಾಗೇ ನೋಡ್ಕೊಂಡ್ರಿ. ನಾನೇ ಹಬ್ಬದವರೆಗೂ ಕಾಯದೆ ನಾಳಿದ್ದು ಹೊರಡ್ತೀನಿ. ದಿನಾ ಬೆಳಿಗ್ಗೆ ನನ್ನ ಚಪ್ಪಲಿ ಬಾಗಿಲಿಗೆ ಮುಖ ಮಾಡಿ ಇಟ್ಟಿರ್ತೀರಲ್ಲ. ಹೊರಡಿ ಅಂತ ಅದಕ್ಕಿಂತ ಮರ್ಯಾದೆಯಾಗಿ ಹೇಳೋದು ಹೇಗೆ?"

"ಅಯ್ಯೋ ಅತ್ತೆ, ಅದು... ನಿಮಗೆ ಅನುಕೂಲ ಆಗ್ಲಿ ಅಂತ..." ಎಂದ ಕುನಿಯಾಕಿ. ಕಿವಿಯವರೆಗೂ ಬಿಸಿಯಾಯಿತು. ಅನುಕೂಲ ಎಂಬುದು ಅರ್ಧ ನಿಜ. ಉಳಿದರ್ಧವನ್ನು ಮುದುಕಿ ಅವನಿಗಿಂತ ಮೊದಲೇ ಓದಿಕೊಂಡಿದ್ದಳು. ತನ್ನ ಮೇಲೆಯೇ ಅವನಿಗೆ ಹೇಸಿಗೆಯಾಯಿತು.

ಅವನು ಎದ್ದು ಹೋಗಿ ಕಸದ ಚೀಲದ ಗಂಟು ಬಿಚ್ಚಿದ. ಪ್ಲೇಯರನ್ನು ತೆಗೆದು, ಅಂಗಿಯ ತೋಳಿನಿಂದ ಒರೆಸಿ, ತಂದು ಅತ್ತೆಯ ಮುಂದಿಟ್ಟ. ಡಿಸ್ಕು ಹಾಕಿ ಗುಂಡಿ ಒತ್ತಿದ. ತನ್ನ ಕೋಣೆಗೆ ಹೋಗಿ ಕಂಪ್ಯೂಟರ್ ಮುಂದೆ ಕೂತ. ಇಳಿಸಬೇಕಾದ ಸಿ.ಡಿ.ಗಳು ಮೇಜಿನ ಮೇಲೆ ಹಾಗೇ ಇದ್ದವು. ಒಂದನ್ನೂ ಮುಟ್ಟಲಿಲ್ಲ.

ಹಾಲಿನಿಂದ ಹೆಂಗಸರ ದನಿ ಬರುತ್ತಿತ್ತು. ಯೋಯಿ, ಯೋಯಿ. ಯೋಯಿ. ಯೋಯಿ. ಯೋಯಿ.

ಹಾಡು ಸಿಕ್ಕಿಕೊಂಡಿತು. ಈಗ ತಟ್ಟುತ್ತಾಳೆ, ಈಗ ತಟ್ಟುತ್ತಾಳೆ ಎಂದು ಅವನು ಕಿವಿಗೊಟ್ಟ. ತಟ್ಟಿದ ಸದ್ದು ಬರಲಿಲ್ಲ.

ಕುನಿಯಾಕಿ ಎದ್ದ. ಹಾಲಿಗೆ ಹೊರಟವನು ತಿರುಗಿ ಬಾಗಿಲ ಬಳಿ ಹೋದ. ಹೊರಮುಖವಾಗಿ ನಿಂತಿದ್ದ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಮನೆಯವರ ಚಪ್ಪಲಿ ಇಡುವ ಬೀರು ತೆರೆದರೆ ಅಲ್ಲಿ ಜಾಗವೇ ಇಲ್ಲ. ತನ್ನ ಹಳೆಯ ಕಾರ್ಖಾನೆ ಬೂಟುಗಳನ್ನು ಎಳೆದು ಹೊರಗೆ ಹಾಕಿದ, ಚಿಜುರುವಿನ ಚಪ್ಪಲಿಯನ್ನು ಪಕ್ಕಕ್ಕೆ ಸರಿಸಿದ. ಅತ್ತೆಯದನ್ನು ನಡುವೆ ಇಟ್ಟ. ಅಷ್ಟು ಹೊತ್ತೂ ಹಾಲಿನಲ್ಲಿ ಹೆಂಗಸರು ಒಂದೇ ದಿಮ್ಮಿಯನ್ನು ಎಳೆಯುತ್ತಲೇ ಇದ್ದರು.

ಬಂದು ಮೊಣಕಾಲೂರಿ ಮುಚ್ಚಳ ತಟ್ಟಿದ. ಹಾಡು ಮುಂದೆ ಸಾಗಿತು.

"ತಡ ಆಯ್ತಲ್ಲ," ಎಂದಳು ಮಿತ್ಸುಯೊ, ಕಿಟಕಿಯಿಂದ ಮುಖ ತಿರುಗಿಸದೆ.

"ಚಪ್ಪಲಿ ಬೀರುನಲ್ಲಿ ಜಾಗ ಇರ್ಲಿಲ್ಲ ಅತ್ತೆ. ಜಾಗ ಮಾಡೋಕೆ ಹೊತ್ತಾಯ್ತು."

ಮುದುಕಿ ತಟ್ಟೆಯಲ್ಲಿ ಬೋರಲಾಗಿದ್ದ ಇನ್ನೊಂದು ಲೋಟವನ್ನು ಎತ್ತಿ ನೆಟ್ಟಗಿಟ್ಟು, ಟೀ ಕೆಟಲನ್ನು ಹತ್ತಿರಕ್ಕೆ ಎಳೆದುಕೊಂಡಳು.